ನಲವತ್ತೊಂದನೇ ಪುಟ

ವಿಶ್ವವಿದ್ಯಾಲಯಕ್ಕೆ ಹತ್ತೊಂಬತ್ತು ಕ್ಯಾಂಪಸ್ಸುಗಳು, ಲಕ್ಷಕ್ಕೂ ಮೀರಿದ ವಿದ್ಯಾರ್ಥಿಗಳು. ಹೊಸದಾಗಿ ಸೇರಬೇಕೆನ್ನುವವರಿಗೆ ಇಷ್ಟನ್ನೂ ಪರಿಚಯಿಸಲು ಇದ್ದದ್ದು ಒಂದೇ ಕೈಪಿಡಿ. ಅದನ್ನು ವರ್ಷ ವರ್ಷವೂ ತಯಾರಿಸುತ್ತಿದ್ದವರನ್ನು ಮುಖ್ಯ ಕಚೇರಿಯಲ್ಲಿ ಎಲ್ಲರೂ ಕೈಪಿಡಿ ಮೇಡಂ ಎಂದೇ ಕರೆಯುತ್ತಿದ್ದರು. ಹಾಗೆ ಕರೆಸಿಕೊಳ್ಳುವುದು ಮೇಡಂಗೆ ಒಳಗೊಳಗೇ ಖುಷಿ. ಮಗಳ ಮದುವೆಯ ಮನೆಯಲ್ಲೂ ಬೀಗರ ಕೈಗೆ ಒಂದು ಪ್ರತಿ ಕೊಟ್ಟು ಬಂದವರು ಅವರು.

ತಯಾರಿಸುತ್ತಿದ್ದರು ಎಂದದ್ದು ಸ್ವಲ್ಪ ದೊಡ್ಡ ಮಾತಾಯಿತು. ನಿಯಮದ ಪ್ರಕಾರ ಪ್ರತಿ ಕ್ಯಾಂಪಸ್ಸಿಗೂ ಫೋನ್ ಮಾಡಬೇಕು, ಅವರ ಪುಟಗಳನ್ನು ಓದಿ ಹೇಳಬೇಕು, ಎಲ್ಲಾ ಸರಿ ಇದೆಯೇ ಎಂದು ಕೇಳಿ ಪರಿಶೀಲನಾ ಪುಸ್ತಕದಲ್ಲಿ ಟಿಕ್ ಹಾಕಬೇಕು. ಮೊದಲ ವರ್ಷ ಮೇಡಂ ಹಾಗೇ ಮಾಡಿದ್ದರು. ಒಂದು ತಿಂಗಳು ಫೋನಿಗೆ ಜೋತುಬಿದ್ದು ಕಿವಿ ಕೆಂಪಾದದ್ದೇ ಬಂತು. ಭೇಷ್ ಎಂದವರು ಒಬ್ಬರೂ ಇಲ್ಲ. ಮುಖಪುಟದ ಬಣ್ಣ ಮಂಕಾಯಿತು ಎಂದವರು ಮಾತ್ರ ಮೂವರಿದ್ದರು. ಮರುವರ್ಷ ಮೇಡಂ ಹಳೆಯ ಕಡತ ತೆರೆದು ಇಸವಿ ಬದಲಿಸಿದರು, ಕೆಲಸ ಮುಗಿಯಿತು. ಟಿಕ್ಕುಗಳನ್ನು ಒಂದೇ ಮಧ್ಯಾಹ್ನ ಕೂತು ಹಾಕಿದರು. ಅದೂ ಒಂದು ನೀಲಿ, ಎರಡು ಕಪ್ಪು, ಮತ್ತೊಂದು ನೀಲಿ, ಬೇರೆ ಬೇರೆ ದಿನ ಹಾಕಿದಂತೆ ಕಾಣಲಿ ಎಂದು. ಫೋನ್ ಮಾಡಲು ಬಾರದ ಶ್ರದ್ಧೆ ಪೆನ್ನು ಬದಲಿಸಲು ಎಲ್ಲಿಂದ ಬಂತೋ! ಹೀಗೇ ಎಂಟು ವರ್ಷ ಸಾಗಿತು.

ಆ ದಿನ ಮಾಹಿತಿ ದಿನ. ಸಭಾಂಗಣದಲ್ಲಿ ಬೆಳಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಮೇಡಂ ಭಾಷಣ. "ಹತ್ತೊಂಬತ್ತು ಕ್ಯಾಂಪಸ್ಸು, ಬಾಗಿಲು ಮಾತ್ರ ಒಂದೇ" ಎಂದು ಆರಂಭಿಸಿದರೆ ಅರ್ಧ ಗಂಟೆ ನೀರು ಕುಡಿಯದೆ ಮಾತಾಡಬಲ್ಲರು. ಬೆಳಗಿನ ಭಾಷಣ ಮುಗಿದು ಪ್ರಶ್ನೆಗಳ ಸರದಿ ಬಂದಾಗ ಹಿಂದಿನ ಸಾಲಿನಿಂದ ಒಬ್ಬ ಹೆಂಗಸು ಎದ್ದರು. ಮೂವತ್ತೈದರ ಆಸುಪಾಸು, ಮೈಮೇಲೆ ಬಸ್ ಕಂಡಕ್ಟರ್ ಸಮವಸ್ತ್ರ, ಕೈಯಲ್ಲಿ ಬೈಂಡು ಹಾಕಿದ ಕೈಪಿಡಿ.

"ಮೇಡಂ, ನಲವತ್ತೊಂದನೇ ಪುಟ. ಹನ್ನೊಂದನೇ ಕ್ಯಾಂಪಸ್ಸಲ್ಲಿ ಸಂಜೆ ಕಾನೂನು ತರಗತಿ ಇದೆ ಅಂತಿದೆ. ಅದನ್ನ ನಂಬಿ ಆ ಊರಿನ ಡಿಪೋಗೆ ವರ್ಗಾವಣೆ ತಗೊಂಡೆ. ಹೋದ ವಾರ ಹೋಗಿ ನೋಡಿದ್ರೆ ತರಗತಿ ನಿಂತು ಮೂರು ವರ್ಷ ಆಯ್ತಂತೆ. ಆ ಕೋಣೇಲಿ ಸ್ಕೂಟರ್ ನಿಲ್ಲಿಸ್ತಾರೆ."

ಸಭೆಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮೇಡಂ ಕುತ್ತಿಗೆಯ ಹಿಂದೆ ಬೆವರಿಳಿಯಿತು. ಪಕ್ಕದಲ್ಲೇ ಕುಲಸಚಿವರು ಕೂತಿದ್ದರು. ಬಾಯಿ ತನ್ನಷ್ಟಕ್ಕೇ ತೆರೆದುಕೊಂಡಿತು.

"ಅದು ಆ ಕ್ಯಾಂಪಸ್ಸಿನವರು ಕಳಿಸಿದ ಮಾಹಿತಿ. ನಾವು ಫೋನಲ್ಲೂ ಕೇಳಿ ಖಚಿತ ಮಾಡ್ಕೊಂಡಿದ್ವಿ. ತಪ್ಪು ಅವರದು."

"ಅಲ್ಲಿ ಕೈಪಿಡಿ ಕೆಲಸ ಯಾರದ್ದು?" ಎಂದು ಕುಲಸಚಿವರು ತಗ್ಗಿದ ದನಿಯಲ್ಲಿ ಕೇಳಿದರು. "ಗುಮಾಸ್ತರೇ ಅಲ್ವಾ? ಸಂಜೆಯೊಳಗೆ ನೋಟಿಸ್ ತಯಾರು ಮಾಡಿ."

ಕಂಡಕ್ಟರಮ್ಮ ಏನೋ ಹೇಳಲು ಬಾಯಿ ತೆರೆದವರು, ಮೇಡಂ ಮುಖವನ್ನೇ ಒಂದು ಗಳಿಗೆ ನೋಡಿ, ಸುಮ್ಮನೆ ಕೂತುಬಿಟ್ಟರು.

ಊಟದ ವಿರಾಮದಲ್ಲಿ ಕಂಡಕ್ಟರಮ್ಮ ಕಚೇರಿಗೇ ಬಂದರು. ಅವರಿಗೆ ಬೇಕಿದ್ದದ್ದು ಒಂದು ಪತ್ರ. ಇನ್ನೊಬ್ಬ ಕಂಡಕ್ಟರ್ ಜೊತೆ ಡಿಪೋ ಅದಲುಬದಲು ಮಾಡಿಕೊಂಡಿದ್ದರು. ಈಗ ಅದು ರದ್ದಾಗಬೇಕಾದರೆ ವಿಶ್ವವಿದ್ಯಾಲಯದ ತಪ್ಪು ಮಾಹಿತಿಯಿಂದಲೇ ಹೀಗಾಯಿತು ಎಂಬ ಪತ್ರ ಸಂಜೆ ಐದರೊಳಗೆ ಆ ಊರಿನ ಡಿಪೋ ಮ್ಯಾನೇಜರ ಮೇಜಿನ ಮೇಲಿರಬೇಕು. ತಪ್ಪಿದರೆ ನಾಳೆಯಿಂದ ಅವರು ಆ ಊರಿನಲ್ಲಿ, ಗಂಡ ಮತ್ತು ಮಗಳು ಈ ಊರಿನಲ್ಲಿ. ಓದೂ ಇಲ್ಲ, ಮನೆಯೂ ಇಲ್ಲ.

"ಹೊರಗೆ ಕೂತಿರಿ, ಬರೆದು ಕೊಡ್ತೀನಿ" ಎಂದರು ಮೇಡಂ.

ಪತ್ರ ಬರೆಯುವ ಮುಂಚೆ ಆ ಗುಮಾಸ್ತರ ಬಾಯಿಂದ 'ಹೂಂ, ನಾನೇ ಕಳಿಸಿದ್ದು' ಎಂದು ಅನ್ನಿಸಿಕೊಳ್ಳುವುದು ಒಳ್ಳೆಯದೆನಿಸಿತು. ಮುಖ್ಯ ಕಚೇರಿಯ ಗತ್ತಿನಲ್ಲಿ ನಾಲ್ಕು ಮಾತು ಬಿಗಿಯಾಗಿ ಕೇಳಿದರೆ ಯಾರಾದರೂ ಹೂಂಗುಟ್ಟುತ್ತಾರೆ ಎಂಬುದು ಅವರ ಅನುಭವ. ಸಿಬ್ಬಂದಿ ಪಟ್ಟಿಯಲ್ಲಿ ನಂಬರು ಹುಡುಕಿ, ಹನ್ನೊಂದನೇ ಕ್ಯಾಂಪಸ್ಸಿಗೆ ಎಂಟು ವರ್ಷಗಳ ಮೇಲೆ ಮೊದಲ ಬಾರಿಗೆ ಫೋನ್ ಮಾಡಿದರು.

"ಮುಖ್ಯ ಕಚೇರಿಯಿಂದಲಾ!" ಆ ಕಡೆಯ ಮುದಿ ದನಿ ಹಿಗ್ಗಿಹೋಯಿತು. "ಅಯ್ಯೋ ತಾಯೀ, ಎಷ್ಟು ವರ್ಷ ಆಗಿತ್ತು ನಿಮ್ಮ ಫೋನ್ ಬಂದು. ಸಂಜೆ ತರಗತಿ ವಿಷಯ ತಾನೇ? ಮೂರು ಪತ್ರ ಬರೆದಿದ್ದೆ, ವರ್ಷಕ್ಕೊಂದರ ಹಾಗೆ. ತಲುಪಲಿಲ್ವೇನೋ ಪಾಪ."

ಮೇಡಂ ಕಣ್ಣು ಮೇಜಿನ ಕೆಳಕ್ಕೆ ಹೋಯಿತು.

"ತಲುಪಿಲ್ಲ ಅಂದ್ರೆ ನಂದೇ ತಪ್ಪು ತಾಯೀ. ಖುದ್ದಾಗಿ ಬಂದು ಹೇಳಬೇಕಿತ್ತು. ಮಂಡಿ ನೋವು ಅಂತ ಸೋಮಾರಿ ಬಿದ್ದೆ. ಇನ್ನು ನಾಲ್ಕು ತಿಂಗಳಿಗೆ ನಿವೃತ್ತಿ ನನಗೆ, ಹೋಗೋ ಮುಂಚೆ ಆ ಪುಟ ಸರಿಹೋದ್ರೆ ಸಾಕು."

ಫೋನ್ ಇಟ್ಟು ಮೇಡಂ ಮೇಜಿನ ಕೆಳಗಿನ ಕಾಗದದ ಟ್ರೇ ಎಳೆದರು. ಕ್ಯಾಂಪಸ್ಸುಗಳಿಂದ ಬಂದದ್ದನ್ನೆಲ್ಲ ಅದಕ್ಕೆ ಹಾಕುವುದು ವಾಡಿಕೆ, ತೆಗೆಯುವ ವಾಡಿಕೆ ಮಾತ್ರ ಇರಲಿಲ್ಲ. ಹನ್ನೊಂದನೇ ಕ್ಯಾಂಪಸ್ಸಿನ ಮೊಹರು ಹೊತ್ತ ಮೂರು ಲಕೋಟೆಗಳೂ ಅಲ್ಲೇ ಇದ್ದವು. ಒಂದನ್ನೂ ಒಡೆದಿರಲಿಲ್ಲ. ನಾಚಿಕೆಗೆ ಮುಖ ಸುಡುತ್ತಿತ್ತು. ಆದರೂ ಬುದ್ಧಿ ತನ್ನ ಹಳೆಯ ಚಾಳಿ ಬಿಡಲಿಲ್ಲ. ಕುಲಸಚಿವರ ಎದುರು ಆಡಿದ ಮಾತನ್ನು ನುಂಗುವುದು ಹೇಗೆ? ಮಧ್ಯಾಹ್ನ ಅದೇ ವೇದಿಕೆ ಹತ್ತುವುದು ಹೇಗೆ? ಮುದುಕರಿಗೆ ನಿವೃತ್ತಿ ಹೇಗೂ ಹತ್ತಿರ, ಒಂದು ನೋಟಿಸಿನಿಂದ ಏನು ಮಹಾ ಆಗುತ್ತದೆ? 'ಹನ್ನೊಂದನೇ ಕ್ಯಾಂಪಸ್ ನೀಡಿದ ತಪ್ಪು ಮಾಹಿತಿಯ ಕಾರಣದಿಂದ' ಎಂದು ಟೈಪು ಮಾಡಿ, ಸಹಿ ಹಾಕಿ, ಕಂಡಕ್ಟರಮ್ಮನನ್ನು ಒಳಕ್ಕೆ ಕರೆದರು.

ಕಂಡಕ್ಟರಮ್ಮ ಪತ್ರವನ್ನು ನಿಂತೇ ಓದಿದರು. ಓದಿ ಮೇಜಿನ ಮೇಲೆ ಮೆಲ್ಲಗೆ ಇಟ್ಟರು.

"ಇದನ್ನ ನಾನು ಒಯ್ಯಲ್ಲ ಮೇಡಂ."

"ಯಾಕೆ? ನಿಮಗೆ ಬೇಕಾದ್ದೆಲ್ಲ ಇದೆಯಲ್ಲ?"

"ಹೋದ ವಾರ ಹೋದಾಗ ಆ ಗುಮಾಸ್ತರು ಕೂರಿಸಿ ನೀರು ಕೊಟ್ರು. ಮೂರು ಪತ್ರದ ನಕಲನ್ನೂ ತೋರಿಸಿದ್ರು, ನಿಮ್ಮ ಕಚೇರಿ ರಸೀದಿ ಸಮೇತ."

ಮೇಡಂ ಕುರ್ಚಿಯ ಕೈ ಹಿಡಿದುಕೊಂಡರು. ರಸೀದಿ ಕೈಯಲ್ಲಿದ್ದೂ ಆ ಮುದುಕರು ಫೋನಿನಲ್ಲಿ ತಲುಪಲಿಲ್ಲವೇನೋ ಎಂದಿದ್ದರು. "ಮತ್ತೆ ಬೆಳಗ್ಗೆ ಗೊತ್ತಿತ್ತಾ ನಿಮಗೆ? ನಾನು ಅಲ್ಲಿ ಹಾಗೆ ಹೇಳುವಾಗ?"

"ಗೊತ್ತಿತ್ತು."

"ಹಾಗಾದ್ರೆ ಎದ್ದು ಹೇಳಬಹುದಿತ್ತಲ್ಲ!"

ಕಂಡಕ್ಟರಮ್ಮ ಹೆಗಲ ಚೀಲವನ್ನು ಸರಿಮಾಡಿಕೊಂಡರು. "ಹನ್ನೆರಡು ವರ್ಷದಿಂದ ಟಿಕೆಟ್ ಇಲ್ಲದವರನ್ನ ಹಿಡೀತಿದ್ದೀನಿ. ಬಸ್ ತುಂಬಾ ಜನರ ಎದುರು ಹಿಡಿದ್ರೆ ಆ ಮುಖ ನೋಡೋಕಾಗಲ್ಲ ಮೇಡಂ. ನಿಮ್ಮ ಮುಖ ಹಾಗೇ ಆಗಿತ್ತು. ಕೋಣೇಲಿ ಕೇಳಿದ್ರೆ ನೀವೇ ಸರಿಮಾಡ್ತೀರಿ ಅಂದ್ಕೊಂಡೆ."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ತಿರುಗಿ ನಾಲ್ಕು ಮಾತು ಆಡಿ ಗೆಲ್ಲಲೂಬಹುದಿತ್ತು, ಮೇಡಂ ನಾಲಿಗೆ ಅಂಥದ್ದು. ಈ ದಯೆಯ ಎದುರು ಅವರಿಗೆ ತಲೆ ಎತ್ತಲಾಗಲಿಲ್ಲ. ತಾನು ಇಷ್ಟು ಸಣ್ಣವಳೇ ಎಂದು ಮೊದಲ ಬಾರಿಗೆ ಅನ್ನಿಸಿತು, ಮತ್ತು ಹೌದು ಎಂದು ತಾವೇ ಉತ್ತರಿಸಿಕೊಂಡರು. ಐವತ್ತನಾಲ್ಕನೇ ವಯಸ್ಸಿಗೆ ಕಣ್ಣಲ್ಲಿ ನೀರು ಬಂತು. ಕಂಡಕ್ಟರಮ್ಮ ಗೋಡೆಯ ಮೇಲಿನ ಕ್ಯಾಂಪಸ್ಸುಗಳ ನಕ್ಷೆ ನೋಡುತ್ತಾ ನಿಂತರು, ಕಂಡೂ ಕಾಣದವರ ಹಾಗೆ.

ಮೊದಲ ಪತ್ರವನ್ನು ಹರಿದುಹಾಕಿ ಮೇಡಂ ಎರಡನೆಯದನ್ನು ಕೈಯಲ್ಲೇ ಬರೆದರು. 'ಈ ಮಾಹಿತಿಯನ್ನು ನಾನು ಪರಿಶೀಲಿಸದೆ ಅಚ್ಚು ಹಾಕಿಸಿದ್ದೇನೆ. ಕ್ಯಾಂಪಸ್ ಮೂರು ಬಾರಿ ತಿಳಿಸಿತ್ತು. ತಪ್ಪು ನನ್ನದು.' ಕೊನೆಯ ಎರಡು ಪದಗಳನ್ನು ಬರೆಯುವಾಗ ಅಕ್ಷರ ಓರೆಯಾಯಿತು. ಕಂಡಕ್ಟರಮ್ಮ ಅದನ್ನು ಓದಿ, ಮಡಚಿ, ಟಿಕೆಟ್ ಚೀಲದೊಳಗಿಟ್ಟುಕೊಂಡರು.

"ಬರ್ತೀನಿ ಮೇಡಂ. ಮೂರೂಕಾಲಿನ ಬಸ್ಸು ಸಿಕ್ಕಿದ್ರೆ ಐದರೊಳಗೆ ಡಿಪೋ ಮುಟ್ಟಬಹುದು."

"ಕಾನೂನು ಓದೋದು?"

"ಸಂಜೆ ತರಗತಿ ಬೇರೆ ಎಲ್ಲಾದ್ರೂ ಇದ್ರೆ ತಿಳಿಸಿ. ಈ ಸಲ ಕೇಳಿ ತಿಳಿಸಿ."

ಮೂರು ಗಂಟೆಗೆ ಮೇಡಂ ಮತ್ತೆ ವೇದಿಕೆ ಹತ್ತಿದರು. ಕುಲಸಚಿವರು ಮುಂದಿನ ಸಾಲಿನಲ್ಲಿದ್ದರು. ಹತ್ತೊಂಬತ್ತು ಕ್ಯಾಂಪಸ್ಸು, ಒಂದೇ ಬಾಗಿಲು ಎಂಬ ಮಾತು ಬಾಯಿಗೆ ಬಂದು ಅಲ್ಲೇ ಸತ್ತಿತು.

"ನಲವತ್ತೊಂದನೇ ಪುಟ ಸುಳ್ಳು" ಎಂದರು ಮೇಡಂ. "ಬೆಳಗ್ಗೆ ನಾನು ಆ ಕ್ಯಾಂಪಸ್ಸಿನವರ ಮೇಲೆ ಹಾಕಿದ್ದೂ ಸುಳ್ಳು. ಅವರು ಸರಿಯಾಗೇ ತಿಳಿಸಿದ್ರು. ನಾನೇ ಯಾರನ್ನೂ ಕೇಳದೆ ಬರೆದಿದ್ದು."

ಯಾರೂ ನಗಲಿಲ್ಲ. ಕುಲಸಚಿವರು ಕನ್ನಡಕ ತೆಗೆದರು. ಆಮೇಲೆ ಒಂದು ಸದ್ದು ಶುರುವಾಯಿತು. ಮೊದಲು ಒಂದು ಮೂಲೆಯಲ್ಲಿ, ನಂತರ ಎಲ್ಲ ಸಾಲುಗಳಲ್ಲಿ ಪುಟ ತಿರುವುವ ಸದ್ದು. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದ ಒಬ್ಬ ತಂದೆ ಎದ್ದುನಿಂತರು.

"ಮೇಡಂ, ಇಪ್ಪತ್ತಾರನೇ ಪುಟದ ಹಾಸ್ಟೆಲ್ಲು? ಅದಾದ್ರೂ ಇದೆಯಾ?"

ಮೇಡಂ ಆ ಪುಟ ತೆರೆದರು. ಎಂಟು ವರ್ಷ ತಮ್ಮದೆಂದು ಹೇಳಿಕೊಂಡ ಪುಟ.

"ಗೊತ್ತಿಲ್ಲ" ಎಂದರು.

"ಐವತ್ತಮೂರು, ಮೇಡಂ?" ಎಂದು ಹಿಂದಿನಿಂದ ಇನ್ನೊಂದು ದನಿ.

"ಗೊತ್ತಿಲ್ಲ."

"ಮತ್ತೆ ನಿಮಗೆ ಗೊತ್ತಿರೋ ಪುಟ ಯಾವುದು?"

ಮೇಡಂ ತಮ್ಮ ಫೋನ್ ತೆಗೆದು, ಇಪ್ಪತ್ತಾರನೇ ಪುಟದ ಕೆಳಗೆ ಅಚ್ಚಾಗಿದ್ದ ನಂಬರನ್ನು ಎಲ್ಲರೆದುರೇ ಒಂದೊಂದಾಗಿ ಒತ್ತಿದರು. ಮೈಕು ಹತ್ತಿರವೇ ಇದ್ದುದರಿಂದ ಆ ಕಡೆಯಿಂದ ಬಂದದ್ದು ಇಡೀ ಸಭಾಂಗಣಕ್ಕೆ ಕೇಳಿಸಿತು. ಆ ನಂಬರು ಚಾಲ್ತಿಯಲ್ಲಿರಲಿಲ್ಲ.