ನಾನೊಬ್ಬನೇ ಇದ್ದ ಸೇಫ್ಟಿ ಮೀಟಿಂಗು

ಎತ್ತರದ ಗೋಡೆಗಳಿಗೆ ಬಣ್ಣ ಬಳಿಯೋನು ನಾನು. ಸಬ್ ಕಾಂಟ್ರಾಕ್ಟರ್ ಅಂತ ಬೋರ್ಡೇನೋ ಇದೆ, ಆದ್ರೆ ಆಳು ಅಂದ್ರೂ ನಾನೇ, ಮಾಲೀಕ ಅಂದ್ರೂ ನಾನೇ. ಈ ಹೊಸ ಕಟ್ಟಡದ ಕೆಲಸ ಸಿಕ್ಕಾಗ ಅಲ್ಲಿನ ಸೇಫ್ಟಿ ಸಾಹೇಬರು, "ಮೊದಲು ಸುರಕ್ಷತೆಯ ಪ್ಲ್ಯಾನ್ ಕೊಡಿ, ಆಮೇಲೆ ಬ್ರಷ್ ಮುಟ್ಟಿ" ಅಂದ್ರು. ಫಾರಂನಲ್ಲಿ ನಾಲ್ಕು ಹುದ್ದೆ: ಸಬ್ ಕಾಂಟ್ರಾಕ್ಟರ್, ಮೇಲ್ವಿಚಾರಕ, ಕೆಲಸಗಾರ, ಮೇಲೆ ಸಿಕ್ಕಿಹಾಕ್ಕೊಂಡೋರನ್ನ ಇಳಿಸೋ ರಕ್ಷಕ. ನಾಲ್ಕಕ್ಕೂ ನನ್ನ ಹೆಸರೇ ಬರೆದೆ. ಮುಖಕ್ಕೆ ಎಸೀತಾರೆ ಅಂದ್ಕೊಂಡಿದ್ದೆ. ಒಂದು ಜಾಗಾನೂ ಖಾಲಿ ಬಿಟ್ಟಿಲ್ಲ ಅಂತ ಖುಷಿಯಾಗಿ ಮೊಹರು ಒತ್ತಿಬಿಟ್ರು ಪುಣ್ಯಾತ್ಮ!

ಅಲ್ಲಿಂದ ಶುರುವಾಯ್ತು ನೋಡಿ ಪೀಕಲಾಟ. ದಿನಾ ಬೆಳಿಗ್ಗೆ ಎಂಟಕ್ಕೆ ಮೀಟಿಂಗ್ ಮಾಡ್ಲೇಬೇಕು. ಮೇಲ್ವಿಚಾರಕನಾಗಿ ಕೂತು ಪ್ರಶ್ನೆ ಓದೋದು, ಎದ್ದು ಹೋಗಿ ಎದುರಿನ ಕುರ್ಚಿಯಲ್ಲಿ ಕೂತು ಉತ್ತರ ಕೊಡೋದು. "ಹೆಲ್ಮೆಟ್ ಇದೆಯಾ?" "ಇದೆ ಸಾರ್." ಒಂದಿನ ಎರಡನ್ನೂ ಒಂದೇ ಕುರ್ಚಿಯಲ್ಲಿ ಮುಗಿಸಿದ್ದಕ್ಕೆ ಸಾಹೇಬರು, "ಕೆಲಸಗಾರನಿಗೂ ಮರ್ಯಾದೆ ಅನ್ನೋದು ಬೇಡ್ವೇನ್ರೀ?" ಅಂತ ರೇಗಿದ್ರು. ಇನ್ನೊಂದಿನ ತಡವಾಗಿ ಬಂದೆ ಅಂತ ನನ್ನ ಕೈಯಲ್ಲಿ ನನಗೇ ನೋಟಿಸ್ ಕೊಡಿಸಿದ್ರು. ನನಗೂ ಸಿಟ್ಟು ನೆತ್ತಿಗೇರಿತ್ತು, ತಡವಾಗಿ ಬಂದ ಆ ನನ್ಮಗನಿಗೆ ಚೆನ್ನಾಗೇ ಬರೆದೆ.

ಕೊನೇ ಪ್ರಶ್ನೆ ಮಾತ್ರ ಬೇಗ ಬೇಗ ಓದಿಬಿಡ್ತಿದ್ದೆ. "ತಲೆಸುತ್ತು ಇದೆಯಾ?" ಇತ್ತು. ಎರಡು ತಿಂಗಳಿಂದ ಇತ್ತು. ಹೆಂಡ್ತಿಗೂ ಹೇಳಿರಲಿಲ್ಲ. ಹೇಳಿದ್ರೆ ಮೇಲೆ ಹತ್ತೋ ಹಾಗಿಲ್ಲ, ಹತ್ತೋದು ಬಿಟ್ಟು ನನಗೆ ಇನ್ನೇನು ಬರುತ್ತೆ? ಆ ಕುರ್ಚಿಯಲ್ಲಿ ಕೂತು "ಇಲ್ಲ" ಅಂದೆ, ಈ ಕುರ್ಚಿಗೆ ಬಂದು "ಇಲ್ಲ" ಅಂತ ಬರ್ಕೊಂಡೆ. ಅವನು ಸುಳ್ಳು ಹೇಳ್ತಿದ್ದಾನೆ ಅಂತ ಗೊತ್ತಿದ್ದೂ ದಿನಾ ಸಹಿ ಹಾಕಿದೆ.

ಹನ್ನೆರಡನೇ ದಿನ, ಐದನೇ ಮಹಡಿಯ ಸಾರುವೆ ಮೇಲೆ ನಿಂತಿದ್ದಾಗ ಗೋಡೆ ಗಿರ್ರನೆ ತಿರುಗಿತು. ಸೊಂಟದಲ್ಲಿ ಬೆಲ್ಟ್ ಇತ್ತು, ಜೀವದಲ್ಲಿ ಧೈರ್ಯ ಇರಲಿಲ್ಲ. ಕಂಬ ತಬ್ಬಿಕೊಂಡು ಕಣ್ಣು ಮುಚ್ಚಿದೆ. ಕೆಳಗೆ ಸಾಹೇಬರು ಪ್ಲ್ಯಾನ್ ಬಿಚ್ಚಿಕೊಂಡು, "ಯಾರೂ ಹತ್ತಬೇಡಿ! ಮೊದಲು ರಕ್ಷಕನಿಗೆ ಫೋನ್ ಮಾಡಬೇಕು" ಅಂದಿದ್ದು ಕೇಳಿಸ್ತು. ನನ್ನ ಜೇಬಲ್ಲಿ ಫೋನ್ ಹೊಡ್ಕೊಳ್ತು.

"ಹಲೋ, ರಕ್ಷಕರಾ? ನಿಮ್ಮ ಕೆಲಸಗಾರ ಮೇಲೆ ಸಿಕ್ಕಿಹಾಕ್ಕೊಂಡಿದ್ದಾನೆ. ಎಷ್ಟೊತ್ತಿಗೆ ಬರ್ತೀರಿ?"

"ಇಲ್ಲೇ ಹತ್ತಿರದಲ್ಲೇ ಇದೀನಿ ಸಾರ್."

"ಬೇಗ ಬನ್ನಿ. ಪಾಪ, ನಡುಗ್ತಾ ಇದ್ದಾನೆ."

ಆ "ಪಾಪ" ಕೇಳಿದ್ದೇ ನನಗೆ ಅಳು ಬಂದುಬಿಡ್ತು. "ಎಡಗಾಲು ಇಡಪ್ಪಾ, ಹಾಂ, ಈಗ ಬಲಗಾಲು" ಅಂತ ನನಗೆ ನಾನೇ ಹೇಳಿಕೊಳ್ತಾ ಮುಕ್ಕಾಲು ಗಂಟೆಯಲ್ಲಿ ಇಳಿದೆ. ಸಾಹೇಬರು ಮೊದಲು ರಕ್ಷಕನ ಕೈ ಕುಲುಕಿದ್ರು. ಆಮೇಲೆ ಕೆಲಸಗಾರನಿಗೆ ನೀರು ಕೊಟ್ರು.

ನೀರು ಕುಡಿದು, "ತಲೆಸುತ್ತು ಮೊದಲಿಂದಲೂ ಇತ್ತು ಸಾರ್" ಅಂದುಬಿಟ್ಟೆ.

ಸಾಹೇಬರು ಪುಟ ತಿರುಗಿಸಿದ್ರು. "ಹಾಗಾದ್ರೆ ಕೆಲಸಗಾರನನ್ನ ಇನ್ನು ಯಾವತ್ತೂ ಮೇಲೆ ಹತ್ತಿಸೋ ಹಾಗಿಲ್ಲ. ಉಳಿದ ಮೂರು ಹುದ್ದೆಗೆ ಏನೂ ತೊಂದರೆ ಇಲ್ಲ. ವಿಷಯ ಮಾತ್ರ ಅವರಿಗೆ ನೀವೇ ತಿಳಿಸಬೇಕು. ಸಬ್ ಕಾಂಟ್ರಾಕ್ಟರ್ ಖುದ್ದಾಗಿ ತಿಳಿಸಬೇಕು ಅಂತಿದೆ."

ನಲ್ಲಿ ಹತ್ತಿರ ಹೋಗಿ ಬ್ರಷ್ ತೊಳೀತಾ ನಿಂತೆ. ಬೇರೆ ಯಾರೇ ಆಗಿದ್ರೂ ಒಂದೇ ಮಾತಲ್ಲಿ ಹೇಳಿ ಮುಗಿಸ್ತಿದ್ದೆ. ಇವನಿಗೆ ಹೇಳೋಕೆ ಬಾಯೇ ಬರಲಿಲ್ಲ. ಬ್ರಷ್‌ನಲ್ಲಿದ್ದ ಬಣ್ಣ ಎಲ್ಲಾ ಹೋಗಿ ನೀರು ತಿಳಿಯಾದ ಮೇಲೂ ತೊಳೀತಾನೇ ಇದ್ದೆ. ಸಾಹೇಬರು ಬಂದು ಪಕ್ಕದಲ್ಲಿ ನಿಂತ್ರು.

"ಹೇಳಿದ್ರಾ?"

"ಹೇಳಿದೆ ಸಾರ್."

"ಏನಂದ್ರು?"

"ಹೆಂಡ್ತಿಗೆ ನೀವೇ ಹೇಳಿ, ನನ್ನ ಕೈಲಾಗಲ್ಲ ಅಂದ."