ಮೊದಲು ನಿಂತ ಮಾತು

"ರಂಜು ಊರಿಗೆ ಹೋಗಿದ್ದಾನೆ. ಚೌತಿ ಕಳೆದು ಬರ್ತಾನೆ," ಎಂದ ಜಯಶೀಲ, ಮೇಜಿನ ಮೇಲಿದ್ದ ಚಿತ್ರದ ಕಾರ್ಡುಗಳಿಂದ ತಲೆಯೆತ್ತದೆ.

ವಿಶ್ರುತಳ ಕೈ ಗಾಳಿಯಲ್ಲೇ ನಿಂತಿತು. ಖಾರಘರದ ಈ ಪುನಶ್ಚೇತನ ಕೇಂದ್ರದಲ್ಲಿ ಅವಳು ಅವನಿಗೆ ನೆನಪಿನ ಅಭ್ಯಾಸ ಮಾಡಿಸುತ್ತಿದ್ದಳು. ಅಪಘಾತದ ನಂತರದ ಒಂದು ಸಂಗತಿಯೂ ಇಷ್ಟರವರೆಗೆ ಅವನಲ್ಲಿ ಉಳಿದಿರಲಿಲ್ಲ. ಅವಳ ಹೆಸರು ಕೂಡ.

"ಅರೇ ವಾಹ್! ಯಾರು ಹೇಳಿದ್ದು ನಿಮ್ಗೆ?"

"ಲತಾ ಹೇಳಿದ್ದು. ನನಗೆ ನೆನಪಿಲ್ವಾ ಎಂತ?" ಅವನು ಪಕ್ಕದಲ್ಲಿ ಕುಳಿತ ಹೆಂಡತಿಯನ್ನು ನೋಡಿ ನಕ್ಕ. "ಮದುವೆ ಆದಾಗಿಂದ ಹೇಳಿದ್ದನ್ನೇ ಹೇಳುವುದು ಇವಳು."

ಸ್ವರ್ಣಲತಾ ಕಿಟಕಿಯಾಚೆ ನೋಡಿದಳು. ಬಿಸಿಲಿನ ಮಬ್ಬಿನಲ್ಲಿ ಗುಡ್ಡಗಳು ಯಾರೋ ಅರ್ಧ ಒರೆಸಿಬಿಟ್ಟಂತಿದ್ದವು.

ಕಾರಿಡಾರಿಗೆ ಬಂದ ಮೇಲೆ ಅವಳು ವಿಶ್ರುತಳಿಗೆ ಹೇಳಿದಳು. ಘೋಡಬಂದರ್ ರಸ್ತೆಯಲ್ಲಿ ಜಯಶೀಲನ ಬೈಕ್ ಉರುಳಿದಾಗ ಹಿಂದೆ ಕುಳಿತಿದ್ದವನು ಈ ರಂಜು, ಅವನ ತಮ್ಮ ರಂಜನ್. ಅಲ್ಲೇ ತೀರಿಕೊಂಡ. ಮೊದಮೊದಲು ಅವಳು ನಿಜವನ್ನೇ ಹೇಳುತ್ತಿದ್ದಳು. ಪ್ರತಿ ಸಲವೂ ಗಂಡ ಅದನ್ನು ಆಗಷ್ಟೇ ಕೇಳಿದವನಂತೆ ಕುಸಿಯುತ್ತಿದ್ದ. ಆಮೇಲೆ ಊರಿಗೆ ಹೋಗಿದ್ದಾನೆ ಎಂಬ ಇದೊಂದು ಮಾತನ್ನು, ಇದೇ ದನಿಯಲ್ಲಿ, ಅವನು ಕೇಳಿದಾಗಲೆಲ್ಲ ಹೇಳತೊಡಗಿದಳು.

"ನಾವೂ ಹೀಗೇ ಕಲಿಸೋದು ದೀದಿ." ವಿಶ್ರುತಳ ಮುಖದಲ್ಲಿ ಸಂಭ್ರಮ ಉಳಿದಿರಲಿಲ್ಲ. "ಸುಳ್ಳೂ ಹೀಗೇ ಪಕ್ಕಾ ಆಗ್ಬಿಡುತ್ತೆ. ಬದಲಿಸೋದಾದ್ರೆ ಈಗಲೇ. ಗೆಸ್ ಮಾಡೋಕೆ ಬಿಡಬೇಡಿ. ತಪ್ಪು ಉತ್ತರ ಬಾಯಿಂದ ಬರೋ ಮೊದಲೇ ಸರಿಯಾದದ್ದು ನೀವೇ ಹೇಳಿ. ಸ್ವಲ್ಪ ಬಿಟ್ಟು ಮತ್ತೆ ಕೇಳಿ. ಮತ್ತೆ."

"ಪ್ರತಿ ಸಲ ಅಳ್ತಾರಲ್ಲ?"

"ಹಾಂ. ನಿಜ ಮನಸ್ಸಲ್ಲಿ ನಿಲ್ಲೋವರೆಗೆ."

ಸಾನಪಾಡಾ ಕಡೆಗಿನ ಮಧ್ಯಾಹ್ನದ ಲೋಕಲ್ ರೈಲು ಬಹುತೇಕ ಖಾಲಿಯಿತ್ತು. ಫ್ಯಾನುಗಳು ನಿದ್ದೆಯಲ್ಲಿರುವಂತೆ ತಿರುಗುತ್ತಿದ್ದವು. ಬೇಲಾಪುರ ದಾಟಿದ ಮೇಲೆ ಸ್ವರ್ಣಲತಾ ಗಂಡನ ಕೈ ಹಿಡಿದು, ರಂಜು ಇನ್ನಿಲ್ಲ ಎಂದಳು. ಅವನು ಬಿಕ್ಕಿಬಿಕ್ಕಿ ಅತ್ತ. ಎದುರು ಸೀಟಿನ ಮುದುಕ ಏನೂ ಕೇಳದೆ ತನ್ನ ನೀರಿನ ಬಾಟಲಿ ಚಾಚಿದ. ನೆರೂಳ್ ಬರುವ ಹೊತ್ತಿಗೆ ಅಳು ತೀರಿತ್ತು, ಅದರ ಕಾರಣವೂ ತೀರಿಹೋಗಿತ್ತು. ಜಯಶೀಲ ಒದ್ದೆ ಕೆನ್ನೆ ಮುಟ್ಟಿಕೊಂಡು ಬೆರಳು ನೋಡಿದ.

"ಮಳೆ ಬಂತಾ ಎಂತ ಮಾರಾಯ್ತಿ?"

ಬಾಗಿಲಿನಿಂದ ಉಪ್ಪುಗಾಳಿ ನುಗ್ಗಿತು. ಜುಯಿನಗರ ಹತ್ತಿರವಾಗುತ್ತಿತ್ತು.

"ರಂಜು ಎಲ್ಲಿದ್ದಾನೆ?" ಎಂದು ಅವಳು ಕೇಳಿದಳು.

ಅವನ ಮುಖ ಅರಳಿತು. ಉತ್ತರ ಗೊತ್ತಿರುವವನ ಮುಖ. ತುಟಿ ತೆರೆಯುವಷ್ಟರಲ್ಲಿ ಅವಳು ಅಂಗೈಯಿಂದ ಅವನ ಬಾಯಿ ಮುಚ್ಚಿದಳು. ಅವನು ಬಿಡಿಸಿಕೊಳ್ಳಲಿಲ್ಲ, ಅವಳನ್ನೇ ನೋಡಿದ.

ರೈಲು ನಿಂತು ಹೊರಟಿತು. ಹೇಳಬೇಕಾದ ನಿಜ ಇನ್ನೂ ಅವಳ ನಾಲಿಗೆಯ ಮೇಲೇ ಇತ್ತು. ಅಂಗೈಗೆ ಅವನ ಉಸಿರು ಬೆಚ್ಚಗೆ ತಾಗುತ್ತಲೇ ಇತ್ತು.