ಲಾಮ್‌ನ ತಂದೆಯ ಹೆಸರು

ಭಾನುವಾರ ಚರ್ಚಿನಿಂದ ಬಂದವರೇ ಅಮ್ಮ ಮಗಳು ಪಾಠಕ್ಕೆ ಕೂರುತ್ತಿದ್ದರು. ಮಗಳು ಮಾರ್ಥಾ ಪ್ರಶ್ನೆ ಕೇಳಬೇಕು. ತಾಯಿ ನ್ಯಾಬೋಲ್ ಬೋಗುಣಿಯಲ್ಲಿ ಜೋಳದ ಹಿಟ್ಟನ್ನು ನೀರು ಚಿಮುಕಿಸಿ ಕಾಳುಕಾಳಾಗಿ ಉಜ್ಜುತ್ತಲೇ ಉತ್ತರ ಹೇಳಬೇಕು. ಮಂಗಳವಾರ ಒಮಾಹಾದ ಕಚೇರಿಯಲ್ಲಿ ತಾಯಿಯ ಅಮೆರಿಕದ ಪೌರತ್ವದ ಸಂದರ್ಶನವಿತ್ತು.

"ಸುಪ್ರೀಂ ಕೋರ್ಟಲ್ಲಿ ಎಷ್ಟು ಜನ ನ್ಯಾಯಾಧೀಶರು?"

"ಒಂಬತ್ತು. ಇಷ್ಟು ದೊಡ್ಡ ದೇಶಕ್ಕೆ ಒಂಬತ್ತೇ ಜನ. ನಮ್ಮಲ್ಲಿ ಒಂದು ಹಸು ಕಳುವಾದ್ರೆ ಮರದ ಕೆಳಗೆ ಅದಕ್ಕಿಂತ ಹೆಚ್ಚು ಜನ ಕೂರ್ತಿದ್ರು."

"ಕೂತು ಹಸು ಹುಡುಕಿಕೊಟ್ರಾ?"

"ಇಲ್ಲ. ಚೆನ್ನಾಗಿ ಮಾತಾಡ್ತಿದ್ರು."

ಮಾರ್ಥಾ ನಕ್ಕಳು. ಆಮೇಲೆ ಅದೇ ದನಿಯಲ್ಲಿ, ಮುಂದಿನ ಪ್ರಶ್ನೆಯೋ ಎಂಬಂತೆ ಕೇಳಿದಳು. "ಲಾಮ್‌ನ ತಂದೆ ಯಾರು?"

"ಥೋವಾನ್."

"ಅಮ್ಮಾ, ಪುವೊಕ್ ಅನ್ನಬೇಕು. ವಕೀಲರು ಎಷ್ಟು ಸಲ ಹೇಳಿದಾರೆ."

"ಅವನನ್ನ ಹೆತ್ತದ್ದು ವಕೀಲರೋ ನಾನೋ?"

ಗಂಡ ಥೋವಾನ್ ಯುದ್ಧದಲ್ಲಿ ಸತ್ತಾಗ ಮಾರ್ಥಾ ಇನ್ನೂ ಎದೆಹಾಲು ಕುಡಿಯುವ ಕೂಸು. ಗಂಡುಮಗುವಿಲ್ಲದೆ ಅವನ ಹೆಸರು ಅಳಿಯಬಾರದೆಂದು ತಮ್ಮ ಪುವೊಕ್ ಅತ್ತಿಗೆಯ ಗುಡಿಸಲಿಗೆ ಬಂದ. ಅವರ ನುವೇರ್ ಬುಡಕಟ್ಟಿನ ಜನರಲ್ಲಿ ಇದು ಕದ್ದುಮುಚ್ಚಿ ಮಾಡುವ ಕೆಲಸವಲ್ಲ, ಸತ್ತ ಅಣ್ಣನಿಗೆ ತಮ್ಮ ಮಾಡಬೇಕಾದ ಕರ್ತವ್ಯ. ನ್ಯಾಬೋಲ್‌ಳ ಅಪ್ಪನ ಹಟ್ಟಿಗೆ ಮದುವೆಯ ತೆರವಾಗಿ ದನ ಹೊಡೆದುಕೊಂಡು ಬಂದಿದ್ದು ಥೋವಾನ್‌ನ ಹೆಸರಿನಲ್ಲಿ. ಇನ್ನು ಅವಳ ಹೊಟ್ಟೆಯಲ್ಲಿ ಹುಟ್ಟುವುದೆಲ್ಲ ಥೋವಾನ್‌ನದೇ. ಲಾಮ್ ಹುಟ್ಟಿದ ದಿನ ಪುವೊಕ್ ತಾನೇ ಮನೆಮನೆಗೆ ಹೋಗಿ, "ಅಣ್ಣನಿಗೆ ಗಂಡುಮಗು" ಎಂದು ಹೇಳಿಬಂದಿದ್ದ.

ಅಮೆರಿಕಕ್ಕೆ ಹೊರಡಲು ನಿರಾಶ್ರಿತರ ಶಿಬಿರದಲ್ಲಿ ಹೆಸರು ಕೂಗಿದ ದಿನ ಲಾಮ್ ಅಜ್ಜಿಯ ಜೊತೆ ಗಡಿಯಾಚೆ ಇದ್ದ. ಹಿಂದಿನಿಂದ ಬರುತ್ತಾನೆ ಎಂದುಕೊಂಡೇ ನ್ಯಾಬೋಲ್ ವಿಮಾನ ಹತ್ತಿದ್ದು. ಆಗ ಅವನಿಗೆ ಹಾಲುಹಲ್ಲು. ಈಗ ಶಿಬಿರದಲ್ಲಿ ಮೀಸೆ ತಿರುವುತ್ತಾನಂತೆ. ಅವನಿಗೆ ಇಪ್ಪತ್ತೊಂದು ತುಂಬುವುದರೊಳಗೆ ತಾಯಿ ಇಲ್ಲಿಯ ಪ್ರಜೆಯಾದರೆ ಬೇಗ ಕರೆಸಿಕೊಳ್ಳಬಹುದು. ತಪ್ಪಿದರೆ ವರ್ಷಗಟ್ಟಲೆ ಕಾಯಬೇಕು. ಮುಂದಿನ ಮಾರ್ಚಿಗೆ ತುಂಬುತ್ತದೆ.

ತೊಡಕು ಬಂದದ್ದು ಅವಳ ಬಾಯಿಂದಲೇ. ಗಂಡ ಸತ್ತ ವರ್ಷವನ್ನೂ ಹೇಳಿದ್ದಳು, ಮಗ ಹುಟ್ಟಿದ ವರ್ಷವನ್ನೂ ಹೇಳಿದ್ದಳು, ಅರ್ಜಿಯಲ್ಲಿ ತಂದೆ ಥೋವಾನ್ ಎಂದೂ ಬರೆಸಿದ್ದಳು. ನಡುವೆ ನಾಲ್ಕು ವರ್ಷ. ಅದರಲ್ಲಿ ಅವಳಿಗೆ ಏನೂ ಓರೆ ಕಾಣಲಿಲ್ಲ. ವಕೀಲರಿಗೆ ಕಂಡಿತು. "ಸುಳ್ಳು ಹೇಳಿದೀರಿ ಅಂತಾರೆ. ಪೌರತ್ವವೂ ಇಲ್ಲ, ಮಗನೂ ಇಲ್ಲ."

"ಚಿಕ್ಕಪ್ಪನ ಹೆಸರು ಹೇಳಿದ್ರೆ ಅಪ್ಪನಿಗೆ ಏನಾಗುತ್ತೆ ಈಗ?" ಮಾರ್ಥಾ ಮೆಲ್ಲಗೆ ಕೇಳಿದಳು. "ಅವನು ಇಲ್ಲವಲ್ಲ."

"ಇಲ್ಲ ಅಂತಲೇ ಅಲ್ವೇನೇ ಮಗಳೇ, ಅವನ ಪರವಾಗಿ ನಾನು ಇರೋದು."

ಮಂಗಳವಾರ ಕಚೇರಿಯಲ್ಲಿ ಎದುರಿಗೆ ಕೂತ ಅಧಿಕಾರಿ ಮಾರ್ಥಾಳ ವಯಸ್ಸಿನವಳು. ನೆಗಡಿಯಾಗಿತ್ತು, ಸೀನಿದಾಗಲೆಲ್ಲ ಕ್ಷಮೆ ಕೇಳುತ್ತಿದ್ದಳು. ಬಲಗೈ ಎತ್ತಿಸಿ, ನಿಜವನ್ನೇ ಹೇಳುತ್ತೇನೆಂದು ಪ್ರಮಾಣ ಮಾಡಿಸಿದಳು. ಬಾವುಟದ ಪಟ್ಟೆಗಳು, ಮೊದಲ ಅಧ್ಯಕ್ಷ, ದೇಶದ ದೊಡ್ಡ ಕಾನೂನು — ನ್ಯಾಬೋಲ್ ಒಂದನ್ನೂ ತಪ್ಪಿಸಲಿಲ್ಲ. ಹೇಳಿದ ವಾಕ್ಯವನ್ನು ಓದಿದಳು, ಇನ್ನೊಂದನ್ನು ಬರೆದಳು.

ಆಮೇಲೆ ಆ ಹುಡುಗಿ ಹಾಳೆ ತಿರುವುತ್ತ ಒಂದು ಕಡೆ ತಡೆದಳು. "ನಿಮ್ಮ ಗಂಡ ತೀರಿಕೊಂಡ ಮೇಲೆ ಲಾಮ್ ಹುಟ್ಟಿದಾನೆ. ಅವನ ತಂದೆ ಯಾರು?"

ಥೋವಾನ್ ಎಂಬುದು ನಾಲಿಗೆಯ ತುದಿಗೆ ತಾನಾಗಿ ಬಂದು ಕೂತಿತ್ತು. ನ್ಯಾಬೋಲ್ ಅದನ್ನು ನುಂಗಿಕೊಂಡಳು.

"ಪುವೊಕ್. ಗಂಡನ ತಮ್ಮ."

"ಥ್ಯಾಂಕ್ಯೂ." ಹುಡುಗಿಯ ಮುಖದಲ್ಲಿ ಸಮಾಧಾನ ಕಂಡಿತು. ಒಳ್ಳೆಯ ಹುಡುಗಿ, ಹೇಗಾದರೂ ಪಾಸು ಮಾಡಬೇಕೆಂದೇ ಇದ್ದಳು. "ಹಾಗಾದ್ರೆ ಇಲ್ಲಿ ತಿದ್ದುತೀನಿ. ಥೋವಾನ್ ಲಾಮ್‌ನ ತಂದೆ ಅಲ್ಲ. ಸರಿನಾ?"

ಇದನ್ನು ಯಾರೂ ಅವಳಿಗೆ ಕಲಿಸಿರಲಿಲ್ಲ. ಪುವೊಕ್ ಎನ್ನುವುದನ್ನಷ್ಟೇ ಕಲಿಸಿದ್ದರು.

ಹುಡುಗಿ ಕಾದಳು. ಪೆನ್ನು ಕಾಗದದ ಮೇಲೇ ಇತ್ತು.

"ಅಲ್ಲ" ಎಂದಳು ನ್ಯಾಬೋಲ್. ಆ ಹೆಸರಿನ ಮೇಲೆ ಗೀಟು ಬಿತ್ತು. ಪಕ್ಕದಲ್ಲಿ ಸಹಿ ಹಾಕಿ ಎಂದಾಗ, ರಾತ್ರಿಶಾಲೆಯಲ್ಲಿ ಕಲಿತ ಅಕ್ಷರಗಳಲ್ಲಿ ನಿಧಾನವಾಗಿ ಸಹಿ ಹಾಕಿದಳು.

ಪಾಸಾಗಿದ್ದಳು. ಹೊರಗೆ ಮಾರ್ಥಾ ಅಪ್ಪಿಕೊಂಡು ಅತ್ತಳು, ಚರ್ಚಿನ ಹೆಂಗಸರಿಗೆಲ್ಲ ಫೋನು ಮಾಡಿದಳು, ಲಾಮ್‌ಗೂ ಮಾಡಿ ತಾಯಿಯ ಕೈಗೆ ಕೊಟ್ಟಳು.

"ಅಮ್ಮಾ, ಇನ್ನು ನೀನು ಬಿಳಿಯರ ದೇಶದ ಹೆಂಗಸು. ನನ್ನ ಗುರುತು ಸಿಗುತ್ತೋ ಇಲ್ವೋ."

"ಸಾಕು ನಿನ್ನ ತಮಾಷೆ. ಊಟ ಆಯ್ತಾ?"

"ಆಯ್ತು. ಕೇಳಿಲ್ಲಿ. ಅಲ್ಲಿಗೆ ಬಂದು ದುಡೀತೀನಿ, ದನ ಕೊಂಡು ಮದುವೆ ಆಗ್ತೀನಿ. ಮೊದಲನೇ ಗಂಡುಮಗುಗೆ ಅಪ್ಪನ ಹೆಸರೇ. ಇನ್ನೊಬ್ಬ ಥೋವಾನ್. ಪುವೊಕ್ ಚಿಕ್ಕಪ್ಪನಿಗೂ ಹೇಳಿದೀನಿ, ಅವರಿಗೆ ಎಷ್ಟು ಸಂತೋಷ ಆಯ್ತು ಗೊತ್ತಾ?"

ಕಾರುಗಳ ನಡುವೆ ನ್ಯಾಬೋಲ್ ನಿಂತುಬಿಟ್ಟಳು.

"ಅಮ್ಮಾ? ಕೇಳಿಸ್ತಾ?"

"ಕೇಳಿಸ್ತು ಕಂದಾ" ಎಂದಳು. "ಅದೇ ಹೆಸರಿಡು." ಆಮೇಲೆ, ತನ್ನ ಉಸಿರಾಟ ಅವನಿಗೆ ಕೇಳಿಸದಿರಲೆಂದು, ಫೋನನ್ನು ಬಾಯಿಂದ ತುಸು ದೂರ ಹಿಡಿದು, ಅವನು ಹೇಳುತ್ತಿದ್ದುದನ್ನೆಲ್ಲ ಕೇಳುತ್ತ ನಿಂತಳು.